ಅಂಜಿಕೆ ಕಲಿಯುವ ಬಗೆ, ಕಳೆಯುವ ಬಗೆ

ದಸರೆಗೆ ಇನ್ನೂ ಕೆಲವು ವಾರಗಳಿರುವಾಗಲೇ ಮೈಸೂರಿನ ವಸ್ತುಪ್ರದರ್ಶನ ಮೈದಾನದ ಕಡೆಯಿಂದ ಎದೆ ನಡುಗಿಸುವ ಸದ್ದು ಕೇಳಿಬರುತ್ತದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಬೇಕು: ಏಳು ಫಿರಂಗಿ, ಮೂರು ಸುತ್ತು. ಪೊಲೀಸ್ ಸಿಬ್ಬಂದಿ ಫಿರಂಗಿಯ ಬಾಯಿಗೆ ಮದ್ದು ತುಂಬಿ, ಕೋಲಿನಿಂದ ದಟ್ಟಿಸಿ, ಕಿಡಿ ತಾಗಿಸಿ ಹಿಂದೆ ಸರಿಯುತ್ತಾರೆ. ಈ ತಾಲೀಮು ಅವರಿಗೆ ಎಷ್ಟು ಬೇಕೋ, ಸ್ವಲ್ಪ ದೂರದಲ್ಲಿ ಸಾಲಾಗಿ ನಿಂತ ಆನೆಗಳಿಗೂ ಅಶ್ವದಳದ ಕುದುರೆಗಳಿಗೂ ಅದಕ್ಕಿಂತ ಹೆಚ್ಚಾಗಿ ಬೇಕು. ಲಕ್ಷಾಂತರ ಜನ ಸೇರಿದ ದಿನ ಒಂದು ಆನೆ ಬೆದರಿದರೂ ಅನಾಹುತ ತಪ್ಪಿದ್ದಲ್ಲ.

ಮೊದಲ ಸಲ ಬಂದ ಆನೆಯನ್ನು ಗಮನಿಸಿದರೆ ಪಾಠ ನಡೆಯುವುದು ಕಣ್ಣಿಗೇ ಕಾಣುತ್ತದೆ. ಕಾಲಿಗೆ ಸರಪಳಿ ಇರುತ್ತದೆ. ಮೊದಲ ತೋಪಿಗೆ ಕಿವಿ ಅರಳಿಸಿ, ಸೊಂಡಿಲು ಸುರುಳಿ ಮಾಡಿ, ಹಿಂದಕ್ಕೆ ಹೆಜ್ಜೆ ಹಾಕುತ್ತದೆ, ಒಮ್ಮೊಮ್ಮೆ ಘೀಳಿಡುತ್ತದೆ. ಮಾವುತ ಮೇಲಿನಿಂದ ಮಾತಾಡಿಸುತ್ತಾನೆ, ಕಾವಾಡಿ ಪಕ್ಕದಲ್ಲಿ ನಿಂತು ಮೈದಡವುತ್ತಾನೆ. ಅದರ ಜೊತೆಗೇ ಹಲವು ದಸರೆ ಕಂಡ ಹಿರಿಯ ಆನೆ ನಿಂತಿರುತ್ತದೆ. ಅದಕ್ಕೆ ತೋಪು ಹೊಸದೇನೂ ಅಲ್ಲ. ಸದ್ದಾದಾಗ ಅದರ ಕಿವಿಯ ಬೀಸು ಕೂಡ ತಪ್ಪುವುದಿಲ್ಲ. ತಾಲೀಮು ಮರುಕಳಿಸಿದಂತೆ ಹೊಸ ಆನೆಯ ಹಿಂಜರಿಕೆ ಕಡಿಮೆಯಾಗುತ್ತ ಬರುತ್ತದೆ.

ಭಾರ ಹೊರುವ ಪಾಠವೂ ಹೀಗೆಯೇ ನಿಧಾನದ್ದು. ಬೆನ್ನ ಮೇಲೆ ನಮ್ದಾ, ಅದರ ಮೇಲೆ ಗಾದಿ ಬಿಗಿದು ಮೊದಲು ಮರಳಿನ ಮೂಟೆ ಹೊರಿಸುತ್ತಾರೆ. ದಿನ ಕಳೆದಂತೆ ತೂಕ ಏರುತ್ತದೆ, ಆಮೇಲೆ ಮರದ ಅಂಬಾರಿ. 750 ಕಿಲೋ ತೂಕದ ಚಿನ್ನದ ಅಂಬಾರಿ ಏರುವುದು ವಿಜಯದಶಮಿಯಂದು ಮಾತ್ರ. ನಡುನಡುವೆ ಭತ್ತ, ಬೆಲ್ಲ, ತೆಂಗಿನಕಾಯಿ ಸೇರಿಸಿ ಹುಲ್ಲಿನಲ್ಲಿ ಕಟ್ಟಿದ ಕುಸುರೆ ಬಾಯಿಗೆ ಬೀಳುತ್ತದೆ.

ಮನೋವಿಜ್ಞಾನದ ಪಠ್ಯಗಳು ಬೇರೆಬೇರೆ ಅಧ್ಯಾಯಗಳಲ್ಲಿ ಹೇಳುವ ಸಂಗತಿಗಳು ಈ ಮೈದಾನದಲ್ಲಿ ಒಟ್ಟಿಗೇ ನಡೆಯುತ್ತವೆ. ಪದೇಪದೇ ಕೇಳಿದ ಸದ್ದಿಗೆ ಒಗ್ಗಿಹೋಗುವುದು, ಒಳ್ಳೆಯ ಫಲ ಕೊಟ್ಟ ನಡೆಯನ್ನು ಮತ್ತೆ ಮಾಡುವುದು, ಪಕ್ಕದವರನ್ನು ನೋಡಿ ಧೈರ್ಯ ತಂದುಕೊಳ್ಳುವುದು. ಮೊದಲ ಎರಡರ ಬಗ್ಗೆ ಬಿ.ಎಡ್. ತರಗತಿಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಮೂರನೆಯದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. ಅಂಜಿಕೆಯ ವಿಷಯದಲ್ಲಂತೂ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎನ್ನುವುದೇ ಎಷ್ಟೋ ಸಲ ಪಾಠದ ದಿಕ್ಕನ್ನು ತೀರ್ಮಾನಿಸುತ್ತದೆ ಎಂಬುದೇ ಈ ಉಪನ್ಯಾಸದ ವಾದ.

ಅನುಬಂಧನ, ಅಂದರೆ ಒಂದನ್ನು ಇನ್ನೊಂದಕ್ಕೆ ಜೋಡಿಸಿ ಕಲಿಯುವುದು, ಎಂದ ಕೂಡಲೇ ನೆನಪಾಗುವುದು ಇವಾನ್ ಪಾವ್ಲೋವ್ ಮತ್ತು ಅವನ ನಾಯಿಗಳು. 1849ರಲ್ಲಿ ರಷ್ಯಾದ ರ‍್ಯಾಜಾನ್ ಊರಿನ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಪಾವ್ಲೋವ್ ಮನೋವಿಜ್ಞಾನಿಯಲ್ಲ. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಯ ಜೊಲ್ಲುಗ್ರಂಥಿಯ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಕೆನ್ನೆಯ ಹೊರಕ್ಕೆ ತಂದು, ಹನಿಹನಿಯಾಗಿ ಜೊಲ್ಲನ್ನು ಅಳೆಯುವುದು ಅವನ ವಿಧಾನ. ಬಾಯಿಗೆ ಆಹಾರ ಬೀಳುವ ಮುಂಚೆಯೇ, ಊಟ ತರುವವನ ಹೆಜ್ಜೆ ಸಪ್ಪಳಕ್ಕೇ ಜೊಲ್ಲು ಸುರಿಯತೊಡಗಿದ್ದು ಅಳತೆಯ ಲೆಕ್ಕವನ್ನೆಲ್ಲ ಕೆಡಿಸಿತು. ಬೇರೆಯವರಾಗಿದ್ದರೆ ಅದನ್ನು ಅಡ್ಡಿಯೆಂದು ತಳ್ಳಿಹಾಕುತ್ತಿದ್ದರು. ಪಾವ್ಲೋವ್ ಉಳಿದ ಆಯುಷ್ಯವನ್ನೆಲ್ಲ ಆ ಅಡ್ಡಿಯನ್ನೇ ಅರ್ಥಮಾಡಿಕೊಳ್ಳಲು ಮೀಸಲಿಟ್ಟ. ಗಂಟೆ ಬಾರಿಸಿದ ಕಥೆಯೇ ಎಲ್ಲೆಡೆ ಹಬ್ಬಿದ್ದರೂ ಅವನ ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಮೆಟ್ರೊನೋಮ್, ಬಜರ್, ವಿದ್ಯುದ್ದೀಪಗಳಂಥ ನಿಖರವಾಗಿ ನಿಯಂತ್ರಿಸಬಹುದಾದ ಸಲಕರಣೆಗಳು.

ಕಲಿತದ್ದು ಹೇಗೆ ಅಳಿಯುತ್ತದೆ ಎನ್ನುವುದನ್ನೂ ಪಾವ್ಲೋವ್ ಕಂಡ. ಊಟ ಕೊಡದೆ ಮೆಟ್ರೊನೋಮ್ ಒಂದನ್ನೇ ಕೇಳಿಸುತ್ತ ಹೋದರೆ ಜೊಲ್ಲು ಕಡಿಮೆಯಾಗುತ್ತ ನಿಂತುಹೋಗುತ್ತದೆ. ಆದರೆ ನಾಯಿಗೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಕೇಳಿಸಿದರೆ ಜೊಲ್ಲು ಮರಳಿ ಬರುತ್ತದೆ. ಹಳೆಯ ಪಾಠ ಅಳಿಸಿಹೋಗಿರಲಿಲ್ಲ. ಅದರ ಮೇಲೆ ಹೊಸದೊಂದು ಪಾಠ ಕುಳಿತಿತ್ತು, ಅಷ್ಟೇ. ಚಟ ಬಿಟ್ಟವರು ವರ್ಷಗಳ ಮೇಲೆ ಹಳೆಯ ಗೆಳೆಯರ ನಡುವೆ ಮತ್ತೆ ಜಾರುವುದನ್ನು ಕಂಡವರಿಗೆ ಇದರ ತೂಕ ಗೊತ್ತು.

1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ಭಾರಿ ಪ್ರವಾಹ ಬಂತು. ನಾಯಿಗಳ ಗೂಡಿಗೆ ನೀರು ನುಗ್ಗಿ, ಮೂಗು ಮಾತ್ರ ಮೇಲಿರುವಷ್ಟು ಏರಿತು. ಸಿಬ್ಬಂದಿ ಕಷ್ಟಪಟ್ಟು ಅವನ್ನು ಈಜಿಸಿಕೊಂಡು ಪಾರುಮಾಡಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಕಲಿಸಿದ್ದು ಏನೂ ಉಳಿದಿರಲಿಲ್ಲ. ಅವುಗಳಲ್ಲೊಂದಕ್ಕೆ ಪಾಠವನ್ನು ತಾಳ್ಮೆಯಿಂದ ಮತ್ತೆ ಕಲಿಸಿದ ಮೇಲೆ, ಕೋಣೆಯ ಬಾಗಿಲ ಕೆಳಗಿನಿಂದ ಒಂದಿಷ್ಟು ನೀರು ಹರಿಯಬಿಟ್ಟರು. ಅಷ್ಟಕ್ಕೇ ನಾಯಿ ಮತ್ತೆ ಕಂಗೆಟ್ಟಿತು. ಹಾವು ಕಂಡವನಿಗೆ ಹಗ್ಗ ಕಂಡರೂ ಭಯ ಎಂದು ನಮ್ಮವರು ಹೇಳುತ್ತ ಬಂದದ್ದು ಅಲ್ಲಿ ಬಾಗಿಲ ಸಂದಿಯ ನೀರಿನಲ್ಲಿ ಕಾಣಿಸಿಕೊಂಡಿತು.

ಆ ಹೊತ್ತಿಗಾಗಲೇ ಅಮೆರಿಕದಲ್ಲಿ ಜಾನ್ ವಾಟ್ಸನ್ ಈ ವಿದ್ಯೆಯನ್ನು ಮನುಷ್ಯರ ಕೂಸಿನ ಮೇಲೇ ಪ್ರಯೋಗಿಸಿದ್ದ. 1920ರಲ್ಲಿ ವಾಟ್ಸನ್ ಮತ್ತು ರೋಸಲಿ ರೇನರ್ ಪ್ರಕಟಿಸಿದ ಆ ವರದಿಯಲ್ಲಿ ಮಗುವಿನ ಹೆಸರು ಆಲ್ಬರ್ಟ್. ಒಂಬತ್ತು ತಿಂಗಳಲ್ಲಿ ಬಿಳಿ ಇಲಿ, ಮೊಲ, ನಾಯಿ ಯಾವುದಕ್ಕೂ ಹೆದರದೆ ಕೈಚಾಚುತ್ತಿದ್ದ ಕೂಸು. ಹನ್ನೊಂದನೇ ತಿಂಗಳಲ್ಲಿ, ಅದು ಇಲಿಯನ್ನು ಮುಟ್ಟಹೋದಾಗಲೆಲ್ಲ ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಎರಡು ದಿನಗಳಲ್ಲಿ ಒಟ್ಟು ಏಳು ಸಲ. ಆಮೇಲೆ ಸದ್ದಿಲ್ಲದಿದ್ದರೂ ಇಲಿ ಕಂಡರೆ ಮಗು ಅತ್ತು ತೆವಳಿಕೊಂಡು ದೂರ ಹೋಗುತ್ತಿತ್ತು. ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಅದೇ ಗತಿ. ಆ ಭಯವನ್ನು ಕಳೆಯುವ ಪ್ರಯತ್ನ ನಡೆಯುವ ಮೊದಲೇ ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ದರು. ಇದು ವಿಜ್ಞಾನದ ಚರಿತ್ರೆಯಲ್ಲಿ ನಾಚಿಕೆಯ ಪುಟ. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಅನುಮತಿ ಕೊಡದು.

ಆಲ್ಬರ್ಟನ ಹೆಸರು ಪ್ರತಿ ಪಠ್ಯಪುಸ್ತಕದಲ್ಲಿದೆ. ಪೀಟರ್‌ನ ಹೆಸರು ಅಷ್ಟು ಸುಲಭವಾಗಿ ಸಿಗುವುದಿಲ್ಲ, ಮೇರಿ ಕವರ್ ಜೋನ್ಸ್ ಹೆಸರು ಇನ್ನೂ ಅಪರೂಪ. ಮಗುವಿಗೆ ಭಯ ಹುಟ್ಟಿಸಿದ ಪ್ರಯೋಗ ಮನೆಮಾತಾಗಿ, ಮಗುವಿನ ಭಯ ಕಳೆದ ಪ್ರಯೋಗ ಮರೆಗೆ ಸರಿದದ್ದು ವಿಷಾದದ ಸಂಗತಿ. ಹಾಗಾಗಿ ಇಲ್ಲಿ ಅದನ್ನು ತುಸು ವಿವರವಾಗಿಯೇ ಹೇಳಬೇಕು.

ಜೋನ್ಸ್ ಆ ಕೆಲಸ ಮಾಡಿದ್ದು ನ್ಯೂಯಾರ್ಕಿನಲ್ಲಿ, ಪ್ರಕಟಿಸಿದ್ದು 1924ರಲ್ಲಿ. ಪೀಟರ್‌ಗೆ ಎರಡು ವರ್ಷ ಹತ್ತು ತಿಂಗಳು. ಯಾರೂ ಪ್ರಯೋಗ ಮಾಡಿ ಹೆದರಿಸಿದ ಮಗುವಲ್ಲ. ಅವನ ಭಯ ಅವನ ಬದುಕಿನಲ್ಲೇ ಎಲ್ಲೋ ಅಂಟಿಕೊಂಡದ್ದು. ಇಲಿ, ಮೊಲ, ತುಪ್ಪಳದ ಕೋಟು, ಪುಕ್ಕ, ಕೊನೆಗೆ ಹತ್ತಿಯ ಉಂಡೆ ಕಂಡರೂ ಕಿರುಚುತ್ತಿದ್ದ. ಜೋನ್ಸ್ ಮೊದಲು ಮಾಡಿದ್ದು ಮೊಲಕ್ಕೆ ಹೆದರದ ಮೂವರು ಮಕ್ಕಳ ಜೊತೆ ಅವನನ್ನು ಆಟಕ್ಕೆ ಬಿಟ್ಟದ್ದು. ಮೊಲವೂ ಅದೇ ಕೋಣೆಯಲ್ಲಿರುತ್ತಿತ್ತು. ಉಳಿದವರು ಅದನ್ನು ಮುಟ್ಟಿ, ಎತ್ತಿ ಆಡುವುದನ್ನು ನೋಡುತ್ತ ನೋಡುತ್ತ ಪೀಟರ್ ಹತ್ತಿರ ಬರತೊಡಗಿದ.

ಅಷ್ಟರಲ್ಲಿ ಅವನಿಗೆ ಸ್ಕಾರ್ಲೆಟ್ ಜ್ವರ ಬಂತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿಬಂತು. ಮಗುವಿನ ಜೊತೆ ನರ್ಸ್ ಕೂಡ ಬೆದರಿದಳು. ಪೀಟರ್‌ನ ಭಯ ಮೊದಲಿನ ಮಟ್ಟಕ್ಕೇ ಮರಳಿತು. ಮಗು ನಾಯಿಯನ್ನೊಂದೇ ನೋಡಲಿಲ್ಲ, ತನ್ನನ್ನು ಕಾಪಾಡಬೇಕಾದ ದೊಡ್ಡವಳು ಗಾಬರಿಯಾದದ್ದನ್ನೂ ನೋಡಿತು ಎಂಬುದನ್ನು ಗಮನಿಸಬೇಕು.

ಜೋನ್ಸ್ ಕೈಬಿಡಲಿಲ್ಲ. ಈ ಸಲ ಪೀಟರ್‌ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಅವನಿಗೆ ಇಷ್ಟವಾದ ತಿಂಡಿ ಕೊಟ್ಟಳು. ಅವನು ತಿನ್ನುತ್ತಿರುವಾಗ ಬೋನಿನಲ್ಲಿದ್ದ ಮೊಲವನ್ನು ದೂರದಿಂದ, ತಿಂಡಿಗೆ ಅಡ್ಡಿಯಾಗದಷ್ಟು ಅಂತರದಲ್ಲಿ ತಂದಿಡಲಾಯಿತು. ಮುಂದಿನ ದಿನಗಳಲ್ಲಿ ಬೋನು ಒಂದೊಂದೇ ಹೆಜ್ಜೆ ಹತ್ತಿರವಾಯಿತು. ಅವಸರ ಮಾಡಿದ್ದರೆ ಮೊಲದ ಭಯವೇ ತಿಂಡಿಗೆ ಅಂಟಿಕೊಳ್ಳುವ ಅಪಾಯವಿತ್ತು. ನಡುವೆ ಬೇರೆ ಮಕ್ಕಳೂ ಬಂದು ಮೊಲವನ್ನು ಎತ್ತಿಕೊಳ್ಳುತ್ತಿದ್ದರು. ಕೊನೆಗೆ ಮೊಲ ಬಂದು ತನ್ನ ಬೆರಳನ್ನು ಮೆಲ್ಲಗೆ ಕಚ್ಚಾಡಿದರೂ ಪೀಟರ್ ಸುಮ್ಮನಿದ್ದ. ಹತ್ತಿ, ಪುಕ್ಕ, ತುಪ್ಪಳದ ಕೋಟಿನ ಭಯವೂ ಅದರ ಜೊತೆಗೇ ಹೋಯಿತು.

ಅದೇ ವರ್ಷದ ಇನ್ನೊಂದು ಬರಹದಲ್ಲಿ ಜೋನ್ಸ್ ಮಕ್ಕಳ ಭಯ ಕಳೆಯಲು ಜನ ಬಳಸುವ ಹಲವು ಉಪಾಯಗಳನ್ನು ಪರೀಕ್ಷಿಸಿ ನೋಡಿದಳು: ಹೆದರುವ ವಸ್ತುವಿನಿಂದ ದೂರವಿಟ್ಟು ಮರೆಯಲಿ ಎಂದು ಕಾಯುವುದು, ಮಾತಿನಲ್ಲಿ ತಿಳಿಹೇಳುವುದು, ಗೇಲಿ ಮಾಡುವುದು, ಗಮನ ಬೇರೆಡೆಗೆ ಸೆಳೆಯುವುದು. ಸ್ಪಷ್ಟವಾಗಿ ಫಲ ಕೊಟ್ಟದ್ದು ಎರಡೇ. ಒಂದು, ಇಷ್ಟದ ವಸ್ತುವಿನ ಜೊತೆ ಭಯದ ವಸ್ತುವನ್ನು ನಿಧಾನವಾಗಿ ಜೋಡಿಸುವುದು; ಇನ್ನೊಂದು, ಹೆದರದ ಮಕ್ಕಳ ಒಡನಾಟ. ‘ಇಷ್ಟು ದೊಡ್ಡವನಾಗಿ ಜಿರಳೆಗೆ ಹೆದರ್ತೀಯಾ’ ಎಂದು ನೆಂಟರ ಮುಂದೆ ನಗಾಡುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಅದರಿಂದ ಭಯ ಹೋಗುವುದಿಲ್ಲ, ಭಯವನ್ನು ಬಚ್ಚಿಡುವುದು ಮಾತ್ರ ಮಗುವಿಗೆ ಬರುತ್ತದೆ.

ಯಾವ ವಸ್ತುವನ್ನು ಯಾವುದಕ್ಕೆ ಬೇಕಾದರೂ ಜೋಡಿಸಿ ಕಲಿಸಬಹುದು ಎಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಗೆ 1966ರಲ್ಲಿ ಪೆಟ್ಟು ಬಿತ್ತು. ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೊಯೆಲಿಂಗ್ ಇಲಿಗಳಿಗೆ ಕೊಟ್ಟ ಸಿಹಿನೀರಿನ ಜೊತೆ ಬೆಳಕೂ ಸದ್ದೂ ಬರುವಂತೆ ಮಾಡಿದರು. ಹೊಟ್ಟೆ ತೊಳಸುವಂತಾದ ಇಲಿಗಳು ಆಮೇಲೆ ದೂರ ಮಾಡಿದ್ದು ಸಿಹಿಯನ್ನು. ವಿದ್ಯುತ್ ಆಘಾತ ತಿಂದ ಇಲಿಗಳು ದೂರ ಮಾಡಿದ್ದು ಬೆಳಕು ಮತ್ತು ಸದ್ದನ್ನು. ಹೊಟ್ಟೆಯ ತೊಂದರೆಗೆ ತಿಂದದ್ದೇ ಕಾರಣ ಎಂಬ ಲೆಕ್ಕಾಚಾರ ಇಲಿಯ ಮೈಯೊಳಗೇ ಇತ್ತು. ಇದನ್ನು ಒಪ್ಪಿಕೊಳ್ಳಲು ವಿದ್ವತ್ ಪತ್ರಿಕೆಗಳು ಬಹಳ ಹಿಂದೇಟು ಹಾಕಿದವು.

ನಮ್ಮ ರೈತರಿಗೆ ಈ ಮಾತು ಹೊಸದಲ್ಲ. ಗದ್ದೆಗೆ ಇಲಿ ಪಾಷಾಣ ಇಡುವವರು ಮೊದಲ ಎರಡು ಮೂರು ದಿನ ವಿಷ ಬೆರೆಸದ ತಿಂಡಿಯನ್ನೇ ಇಡುತ್ತಾರೆ. ಇಲಿ ಹೊಸ ತಿಂಡಿಯನ್ನು ಚೂರು ರುಚಿ ನೋಡಿ ಬಿಡುವ ಪ್ರಾಣಿ. ಆ ಚೂರಿನಿಂದ ಹೊಟ್ಟೆ ಕೆಟ್ಟು ಬದುಕುಳಿದರೆ ಮತ್ತೆ ಅದರ ಹತ್ತಿರ ಸುಳಿಯದು. ಇಲಿ ತನ್ನವರಿಂದಲೂ ಕಲಿಯುತ್ತದೆ. 1980ರ ದಶಕದಲ್ಲಿ ಕೆನಡಾದ ಬೆನೆಟ್ ಗೇಲೆಫ್ ನಡೆಸಿದ ಪ್ರಯೋಗಗಳಲ್ಲಿ, ಹೊಸ ತಿಂಡಿ ತಿಂದು ಬಂದ ಇಲಿಯ ಬಾಯಿ ಮೂಸಿದ ಇನ್ನೊಂದು ಇಲಿ, ಅವಕಾಶ ಸಿಕ್ಕಾಗ ಅದೇ ತಿಂಡಿಯನ್ನು ಆರಿಸಿಕೊಂಡಿತು. ತಿಂದು ಬದುಕಿ ಬಂದವನ ಉಸಿರಿಗಿಂತ ದೊಡ್ಡ ಸಾಕ್ಷಿ ಅದಕ್ಕೆ ಬೇಕಿರಲಿಲ್ಲ.

ಇನ್ನು ಕೋತಿಗಳ ಕಡೆಗೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಮಿನೆಕಾ, ಮೈಕೆಲ್ ಕುಕ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಾಡಿದ ಕೆಲಸ ಈ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ್ದು. ಕಾಡಿನಲ್ಲಿ ಬೆಳೆದ ರೀಸಸ್ ಕೋತಿಗಳಿಗೆ ಹಾವೆಂದರೆ ಭಯ, ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದವುಗಳಿಗೆ ಆ ಭಯ ಕಾಣಲಿಲ್ಲ. ಹಾವಿನ ಆಚೆಗಿಟ್ಟ ತಿಂಡಿಗೆ ಅವು ಹಿಂಜರಿಯದೆ ಕೈಚಾಚುತ್ತಿದ್ದವು. ಕಾಡಿನ ಕೋತಿ ಹಾವನ್ನು ಕಂಡು ಬೆಚ್ಚುವುದನ್ನು ಕೆಲವು ಸಲ ನೋಡಿದ್ದೇ ತಡ, ಅವೂ ಹೆದರತೊಡಗಿದವು. ತಿಂಗಳುಗಳ ನಂತರವೂ ಭಯ ಹಾಗೇ ಇತ್ತು. ಅವನ್ನು ಹಾವು ಕಚ್ಚಿರಲಿಲ್ಲ, ಮುಟ್ಟಿಯೂ ಇರಲಿಲ್ಲ.

ಆಮೇಲೆ ವಿಡಿಯೊ ಜೋಡಿಸಿ, ಅದೇ ಕೋತಿ ಹೂವನ್ನು ಕಂಡು ಬೆಚ್ಚುತ್ತಿದೆ ಎನ್ನುವಂತೆ ತೋರಿಸಿದರು. ನೋಡಿದ ಕೋತಿಗಳು ಹೂವಿಗೆ ಹೆದರಲಿಲ್ಲ. ಆಟಿಕೆಯ ಹಾವು, ಮೊಸಳೆ ತೋರಿಸಿದರೆ ಭಯ ತಕ್ಷಣ ಹತ್ತಿತು. ಅಂದರೆ ಭಯ ಹುಟ್ಟಿನಿಂದಲೇ ಪೂರ್ತಿ ಬಂದಿರುವುದಿಲ್ಲ. ಕೆಲವು ಭಯಗಳನ್ನು ಬೇಗ ಕಲಿಯುವ ಸಿದ್ಧತೆ ಮಾತ್ರ ಬಂದಿರುತ್ತದೆ, ಪಾಠವನ್ನು ಹಿರಿಯರು ಪೂರ್ತಿ ಮಾಡುತ್ತಾರೆ. ಇನ್ನೊಂದು ಪ್ರಯೋಗದಲ್ಲಿ ಕೋತಿಗಳಿಗೆ ಮೊದಲು ಹಾವಿಗೆ ಹೆದರದ ಕೋತಿಯನ್ನು ತೋರಿಸಿ, ಆಮೇಲೆ ಹೆದರುವ ಕೋತಿಯನ್ನು ತೋರಿಸಿದರು. ಹೆಚ್ಚಿನವುಗಳಿಗೆ ಭಯ ಹತ್ತಲೇ ಇಲ್ಲ. ಮೊದಲು ಕಂಡ ನೆಮ್ಮದಿ ನಂತರ ಕಂಡ ಗಾಬರಿಯಿಂದ ಕಾಪಾಡಿತ್ತು.

ಬಂಡೀಪುರದಲ್ಲಿ ನಮ್ಮ ಕೋತಿಗಳು ಬೇರೆ ಪಾಠ ಕಲಿತಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿನ ಕೆಲವು ಕೋತಿಗಳು ತಮ್ಮತಮ್ಮೊಳಗೆ ಬಳಸುವ ‘ಕೂ’ ಎಂಬ ಸದ್ದನ್ನೇ ಮನುಷ್ಯರತ್ತ ತಿರುಗಿಸಿ, ಕೈಚಾಚಿ ತಿಂಡಿ ಕೇಳುತ್ತವೆ. ಎದುರಿನವರು ತಮ್ಮ ಕಡೆ ನೋಡುತ್ತಿದ್ದಾರೆಯೇ ಎಂದು ಗಮನಿಸುತ್ತವೆ, ಸಿಕ್ಕಿದ ಮೇಲೆ ನಿಲ್ಲಿಸುತ್ತವೆ. ದಾರಿಹೋಕರೇ ಇದಕ್ಕೆ ಗುರುಗಳು. ಎಲ್ಲರೂ ಕೊಡುವುದಿಲ್ಲ, ಯಾರೋ ಒಬ್ಬರು ಬಿಸ್ಕತ್ತು ಎಸೆಯುತ್ತಾರೆ. ಹೀಗೆ ಅಪರೂಪಕ್ಕೆ, ಎಂದೆಂದು ಊಹಿಸಲಾಗದಂತೆ ಸಿಗುವ ಬಹುಮಾನವೇ, ಅಂದರೆ ಪುನರ್ಬಲನವೇ, ಅಭ್ಯಾಸವನ್ನು ಅತಿ ಗಟ್ಟಿಯಾಗಿ ಬೇರೂರಿಸುತ್ತದೆ ಎಂದು ಪಾರಿವಾಳಗಳಲ್ಲಿ ಬಿ.ಎಫ್. ಸ್ಕಿನ್ನರ್ ತೋರಿಸಿದ್ದ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸುವ ಹೊತ್ತಿಗೆ ಎಷ್ಟೋ ಕೂಲಿಕಾರರ ಸಂಬಳ ಅದೇ ಜಾಲದಲ್ಲಿ ಕರಗಿಹೋಗಿತ್ತು.

ಮಕ್ಕಳ ವಿಷಯಕ್ಕೆ ಬಂದರೆ ಆಲ್ಬರ್ಟ್ ಬಂಡೂರಾನನ್ನು ಬಿಡುವಂತಿಲ್ಲ. 1961ರಲ್ಲಿ ಸ್ಟ್ಯಾನ್‌ಫರ್ಡಿನ ಶಿಶುವಿಹಾರದ 72 ಮಕ್ಕಳಲ್ಲಿ ಕೆಲವರು, ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿದು, ಬೈಯುವುದನ್ನು ನೋಡಿದರು. ಆಮೇಲೆ ಅದೇ ಬೊಂಬೆ ಸಿಕ್ಕಾಗ ಆ ಹೊಡೆತ, ಆ ಮಾತುಗಳನ್ನೇ ಪುನರಾವರ್ತಿಸಿದರು. ಇದು ಎಲ್ಲರಿಗೂ ಗೊತ್ತು. 1965ರ ಮುಂದುವರಿಕೆ ಇದಕ್ಕಿಂತ ಮುಖ್ಯ. ಹೊಡೆದ ದೊಡ್ಡವನಿಗೆ ಶಿಕ್ಷೆಯಾದದ್ದನ್ನು ಚಿತ್ರದಲ್ಲಿ ನೋಡಿದ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ ‘ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ ಇದೆ’ ಎಂದ ಕೂಡಲೇ ಅವರೂ ಉಳಿದವರಷ್ಟೇ ಸರಿಯಾಗಿ ಮಾಡಿ ತೋರಿಸಿದರು. ಶಿಕ್ಷೆ ಕಲಿಕೆಯನ್ನು ತಡೆದಿರಲಿಲ್ಲ, ಅದು ಹೊರಗೆ ಬರುವುದನ್ನು ಮಾತ್ರ ತಡೆದಿತ್ತು.

ಶಾಲೆಯ ಬೆತ್ತಕ್ಕೆ ಈ ಮಾತನ್ನು ಅನ್ವಯಿಸಿ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೂ ‘ನಾಲ್ಕು ಬಿಟ್ಟರೆ ಸರಿಹೋಗ್ತಾನೆ’ ಎನ್ನುವ ಪೋಷಕರು ಇದ್ದೇ ಇದ್ದಾರೆ. ಲೆಕ್ಕ ತಪ್ಪಿದ್ದಕ್ಕೆ ಏಟು ತಿಂದ ಹುಡುಗನಲ್ಲಿ ಏಟಿನ ಭಯ ಲೆಕ್ಕದ ಪುಸ್ತಕಕ್ಕೂ, ಮೇಷ್ಟ್ರ ಚಪ್ಪಲಿ ಸದ್ದಿಗೂ, ಕಪ್ಪುಹಲಗೆಗೂ ಹರಡುತ್ತದೆ. ಗಣಿತ ಎಷ್ಟೋ ಮಕ್ಕಳಿಗೆ ಕಬ್ಬಿಣದ ಕಡಲೆಯಾದದ್ದು ಬುದ್ಧಿಯ ಕೊರತೆಯಿಂದಲ್ಲ. ಬೆಂಚಿನಲ್ಲಿ ಕುಳಿತು ನೋಡುತ್ತಿದ್ದ ಉಳಿದ ನಲವತ್ತು ಮಕ್ಕಳೂ ಆ ಗಳಿಗೆಯಲ್ಲಿ ಕಲಿಯುತ್ತಿರುತ್ತಾರೆ: ದೊಡ್ಡವನು ಚಿಕ್ಕವನಿಗೆ ಹೊಡೆಯಬಹುದು ಎಂಬ ಪಾಠವನ್ನು. ತಪ್ಪು ಲೆಕ್ಕವನ್ನು ಹಲಗೆಯ ಮೇಲೆ ತಾನೇ ಬರೆದು, ಎಲ್ಲಿ ಎಡವಿತು ಎಂದು ಗಟ್ಟಿಯಾಗಿ ಯೋಚಿಸಿ ತಿದ್ದುವ ಶಿಕ್ಷಕಿ ಅದೇ ಮಕ್ಕಳಿಗೆ ತಪ್ಪಿಗೆ ಅಂಜಬೇಕಿಲ್ಲ ಎಂದು ತೋರಿಸಿಕೊಡುತ್ತಾಳೆ.

ಬಂಡೂರಾ ಮುಂದೆ ಹಾವಿನ ವಿಪರೀತ ಭಯವಿದ್ದವರ ಜೊತೆ ಕೆಲಸ ಮಾಡಿದ. 1969ರಲ್ಲಿ ಅವನೂ ಸಂಗಡಿಗರೂ ಪ್ರಕಟಿಸಿದಂತೆ, ಹಾವನ್ನು ಬರಿದೇ ಕಲ್ಪಿಸಿಕೊಂಡು ಮೈ ಸಡಿಲಿಸುವ ಚಿಕಿತ್ಸೆಗಿಂತ, ಚಲನಚಿತ್ರ ನೋಡುವುದಕ್ಕಿಂತ, ಚಿಕಿತ್ಸಕ ಎದುರಿನಲ್ಲೇ ಹಾವನ್ನು ಹಿಡಿದು ತೋರಿಸಿ ಆಮೇಲೆ ರೋಗಿಯ ಕೈಯನ್ನೂ ಜೊತೆ ಸೇರಿಸಿಕೊಂಡ ವಿಧಾನವೇ ಹೆಚ್ಚು ಫಲ ಕೊಟ್ಟಿತು. ಅಲ್ಲಿದ್ದದ್ದು ವಿಷವಿಲ್ಲದ ಹಾವು.

ನಮ್ಮಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ. ನಾಗರಹಾವನ್ನು ಬರಿಗೈಯಲ್ಲಿ ಎತ್ತಿ, ಹೆಡೆಗೆ ಮುತ್ತಿಡುವ ವಿಡಿಯೊಗಳು ಹಳ್ಳಿಹಳ್ಳಿಯ ಹುಡುಗರ ಫೋನಿನಲ್ಲಿ ಹರಿದಾಡುತ್ತಿವೆ. ನೋಡುವವನಿಗೆ ಕಾಣುವುದು ಚಪ್ಪಾಳೆ ಮತ್ತು ಲೈಕು. ಕಡಿತ, ಆಸ್ಪತ್ರೆ, ಕೊಳೆತ ಬೆರಳು ಆ ಚೌಕಟ್ಟಿನಲ್ಲಿ ಇರುವುದಿಲ್ಲ. ಬಂಡೂರಾನ ಅದೇ ಪ್ರಯೋಗದ ಇನ್ನೊಂದು ಚಿತ್ರದಲ್ಲಿ, ಹೊಡೆದದ್ದಕ್ಕೆ ಬಹುಮಾನ ಪಡೆದ ದೊಡ್ಡವನನ್ನು ನೋಡಿದ ಮಕ್ಕಳ ಸ್ಥಿತಿಯೇ ಇವರದೂ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ, ಆಸ್ಪತ್ರೆಗಳು ಲೆಕ್ಕ ಕೊಡಬೇಕು.

ಪಳಗಿದ ಉರಗ ರಕ್ಷಕರು ಮಾಡುವ ರೀತಿ ಬೇರೆ. ಸೇರಿದ ಜನರನ್ನು ಮೊದಲು ದೂರ ಸರಿಸುತ್ತಾರೆ. ಕತ್ತಲಿನ ಕಡೆ ನುಸುಳುವುದು ಹಾವಿನ ಸ್ವಭಾವವಾದ್ದರಿಂದ, ಚೀಲ ಕಟ್ಟಿದ ಕೊಳವೆಯೊಂದನ್ನು ಅದರ ದಾರಿಗೆ ಇಟ್ಟು, ಕೊಕ್ಕೆಯಿಂದ ಮೆಲ್ಲಗೆ ಅತ್ತ ತಿರುಗಿಸಿ, ಅದು ತಾನಾಗಿಯೇ ಒಳಹೋಗುವವರೆಗೆ ಕಾಯುತ್ತಾರೆ. ಹೆಡೆ ಹಿಡಿದು ಪ್ರದರ್ಶನ ಮಾಡುವುದಿಲ್ಲ. ಅಂಗಳದ ಅಂಚಿನಲ್ಲಿ ನಿಂತ ಮಕ್ಕಳು ಆಗ ಎರಡು ಸಂಗತಿ ನೋಡುತ್ತಾರೆ: ಹಾವನ್ನು ಕೊಲ್ಲದೆಯೂ ಮನೆಯಿಂದ ಕಳಿಸಬಹುದು, ಮತ್ತು ಅದನ್ನು ಬಲ್ಲವರೇ ಅದರಿಂದ ಇಷ್ಟು ಅಂತರ ಕಾಯ್ದುಕೊಳ್ಳುತ್ತಾರೆ. ಹಾವು ಹಿಡಿಯುವವರಿಗೆ ಕೊಡುವ ತರಬೇತಿಯಲ್ಲಿ ಕೊಕ್ಕೆ, ಚೀಲ, ಪ್ರಥಮ ಚಿಕಿತ್ಸೆಯ ಜೊತೆಗೆ, ನೋಡುವವರ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೂ ಪಾಠವಾಗಿ ಸೇರಿಸಬೇಕು.